ಡಿಸೈನರ್ ಅಣ್ಣನಿಗೆ ತ್ರಿಕೋನಮಿತಿ ಬೇಕೆ?



“ಟೀಚರ್, ಈ ಲೆಕ್ಕ ಕಲಿತು ಮುಂದೆ ಏನು ಮಾಡ್ಬೇಕ್ರಿ?” ಗಣಿತದ ಅವಧಿಯಲ್ಲಿ ನೀವೂ ಒಮ್ಮೆಯಾದರೂ ಈ ಪ್ರಶ್ನೆ ಕೇಳಿರುತ್ತೀರಿ. ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಅಂದುಕೊಂಡಿರುತ್ತೀರಿ. ಇನ್ನು ಕೆಲವು ವರ್ಷಗಳಲ್ಲಿ ನೀವು 10ನೇ ತರಗತಿಗೆ ಬಂದಾಗ ‘ತ್ರಿಕೋನಮಿತಿ’ ಎಂಬ ಪಾಠ ಎದುರಾಗುತ್ತದೆ. ಸೈನ್, ಕೊಸೈನ್, ಟ್ಯಾನ್ಜೆಂಟ್ ಎಂಬ ಹೊಸ ಹೆಸರುಗಳು ಬರುತ್ತವೆ. ಆಗ ಈ ಪ್ರಶ್ನೆ ಇನ್ನೂ ಜೋರಾಗಿ ಕೇಳುತ್ತದೆ. “ನಾನು ಡಿ.ಟಿ.ಪಿ. ಅಂಗಡಿಯಲ್ಲಿ ಡಿಸೈನರ್ ಆಗ್ತೀನಿ, ನನಗ್ಯಾಕೆ ಇದು?” “ನಮ್ಮಪ್ಪ ವೆಲ್ಡಿಂಗ್ ಮಾಡ್ತಾರೆ, ಅವರು ಇದನ್ನು ಕಲಿತೇ ಇಲ್ಲವಲ್ಲ?”

ಇದನ್ನು ತರಲೆ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಇದಕ್ಕೆ ಸರಿಯಾದ ಉತ್ತರ ಸಿಗದೆ ಎಷ್ಟೋ ಮಕ್ಕಳು ಗಣಿತದ ಮೇಲಿನ ಆಸೆಯನ್ನೇ ಬಿಟ್ಟುಬಿಡುತ್ತಾರೆ. “ಎಲ್ಲ ಕೆಲಸಕ್ಕೂ ಬೇಕು, ಸುಮ್ಮನೆ ಕಲಿ” ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಆದ್ದರಿಂದ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಕಡೆ ಒಂದು ಸುತ್ತು ಹಾಕೋಣ. ಯಾವ ಕೆಲಸಕ್ಕೆ ಎಷ್ಟು ತ್ರಿಕೋನಮಿತಿ ಬೇಕು ಎಂಬುದನ್ನು ನಾವೇ ನೋಡಿಕೊಂಡು ಬರೋಣ.

ತ್ರಿಕೋನಮಿತಿ ಎಂದರೇನು?

ತ್ರಿಕೋನ ಎಂದರೆ ತ್ರಿಭುಜ, ಮಿತಿ ಎಂದರೆ ಅಳತೆ. ತ್ರಿಭುಜಗಳ ಅಳತೆಯ ಗಣಿತವೇ ತ್ರಿಕೋನಮಿತಿ. ಒಂದು ಕೋನ 90° ಇರುವ ತ್ರಿಭುಜವನ್ನು ಲಂಬಕೋನ ತ್ರಿಭುಜ ಎನ್ನುತ್ತೇವೆ. ಅದರಲ್ಲಿ ಅತಿ ಉದ್ದದ ಬಾಹು ವಿಕರ್ಣ. ಉಳಿದೆರಡು ಕೋನಗಳಲ್ಲಿ ಒಂದು 30° ಎಂದುಕೊಳ್ಳಿ. ಆಗ ಆ ಕೋನದ ಎದುರಿನ ಬಾಹು ಯಾವಾಗಲೂ ವಿಕರ್ಣದ ಅರ್ಧದಷ್ಟೇ ಇರುತ್ತದೆ. ತ್ರಿಭುಜ ನಿಮ್ಮ ನೋಟ್‌ಬುಕ್ಕಿನಷ್ಟಿರಲಿ, ಸಂಡೂರಿನ ಗುಡ್ಡದಷ್ಟಿರಲಿ, ಈ ಅನುಪಾತ ಬದಲಾಗುವುದಿಲ್ಲ.

ಇದೇ ತ್ರಿಕೋನಮಿತಿಯ ಗುಟ್ಟು. ಪ್ರತಿಯೊಂದು ಕೋನಕ್ಕೂ ಅದರದೇ ಅನುಪಾತಗಳಿವೆ. ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್ ಬರುತ್ತದೆ. ಪಕ್ಕದ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್. ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದರೆ ಟ್ಯಾನ್ಜೆಂಟ್. ಲಂಬಕೋನ ತ್ರಿಭುಜದಲ್ಲಿ ಇನ್ನೊಂದು ಕೋನ ಮತ್ತು ಒಂದು ಬಾಹು ಗೊತ್ತಾದರೆ ಸಾಕು, ಉಳಿದ ಬಾಹುಗಳನ್ನು ಅಳೆಯದೆಯೇ ಹೇಳಬಹುದು. ಹತ್ತಲಾಗದ ಗೋಪುರ, ದಾಟಲಾಗದ ಹೊಳೆ, ಕೈಗೆ ಸಿಗದ ಶಿಖರ ಎಲ್ಲವೂ ಹೀಗೆ ಅಳತೆಗೆ ಸಿಗುತ್ತವೆ.

ನಿಮಗಿದು ಗೊತ್ತೆ?

ಆರ್ಯಭಟನು ಕ್ರಿ.ಶ. 499ರ ಸುಮಾರಿನಲ್ಲಿ ರಚಿಸಿದ ‘ಆರ್ಯಭಟೀಯ’ದಲ್ಲಿ ಸೈನ್ ಬೆಲೆಗಳನ್ನು ಕಂಡುಕೊಳ್ಳಲು ಬೇಕಾದ 24 ಸಂಖ್ಯೆಗಳ ಪಟ್ಟಿ ಇದೆ. ಆಗ ಇದನ್ನು ‘ಜ್ಯಾ’ ಎನ್ನುತ್ತಿದ್ದರು. ಜ್ಯಾ ಎಂದರೆ ಬಿಲ್ಲಿನ ಹೆದೆ. ಇದಕ್ಕೆ ‘ಜೀವಾ’ ಎಂಬ ಹೆಸರೂ ಇತ್ತು. ಅರಬ್ಬರು ಅದನ್ನು ‘ಜೀಬ’ ಎಂದು ಬರೆದುಕೊಂಡರು. ಅರಬ್ಬಿ ಬರಹದಲ್ಲಿ ಸ್ವರಗಳನ್ನು ಬಿಟ್ಟು ಬರೆಯುವ ರೂಢಿ ಇದ್ದುದರಿಂದ ಅದನ್ನು ‘ಜೈಬ್’ ಎಂದೂ ಓದಬಹುದಿತ್ತು. ಜೈಬ್ ಎಂದರೆ ಬಟ್ಟೆಯ ಮಡಿಕೆ. ಯುರೋಪಿನವರು ಅದನ್ನೇ ಲ್ಯಾಟಿನ್ ಭಾಷೆಗೆ ‘ಸೈನಸ್’ ಎಂದು ಅನುವಾದಿಸಿದರು. ನಮ್ಮ ಬಿಲ್ಲಿನ ಹೆದೆ ದೇಶ ಸುತ್ತಿ ‘ಸೈನ್’ ಆಗಿ ಮರಳಿ ಬಂದಿತು!

ಕನ್ನಡ ನಾಡಿನಲ್ಲಿಯೂ ಈ ವಿದ್ಯೆಗೆ ಹಳೆಯ ನೆಲೆ ಇದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಗ್ರಂಥ ಬರೆದರು. ಅದರ ಕೊನೆಯ ಅಧ್ಯಾಯ ಪೂರ್ತಿ ನೆರಳಿನ ಲೆಕ್ಕಗಳಿಗೇ ಮೀಸಲು.

ಹಂಪಿಯ ತಲೆಕೆಳಗಾದ ಗೋಪುರ

ಮೊದಲು ಹಂಪಿಗೆ ಹೋಗೋಣ. ವಿರೂಪಾಕ್ಷ ದೇವಾಲಯದ ದೊಡ್ಡ ಗೋಪುರದ ಎತ್ತರ ಸುಮಾರು 50 ಮೀಟರ್. ದೇವಾಲಯದ ಹಿಂಭಾಗದ ಒಂದು ಕತ್ತಲೆಯ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಇದೇ ಗೋಪುರವನ್ನು ತಲೆಕೆಳಗಾಗಿ ತೋರಿಸುತ್ತದೆ. ನಿಮ್ಮಲ್ಲಿ ಹಲವರು ಇದನ್ನು ನೋಡಿರಬಹುದು.

ಹೀಗೇಕೆ ಆಗುತ್ತದೆ? ಬೆಳಕು ನೇರವಾಗಿ ಚಲಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯ ಮೂಲಕ ಹಾದು ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ. ಗೋಪುರದ ಬುಡದಿಂದ ಬಂದ ಕಿರಣ ಮೇಲ್ಭಾಗಕ್ಕೆ ಬೀಳುತ್ತದೆ. ಕಿಂಡಿಯ ಆಚೆ ಒಂದು ದೊಡ್ಡ ತ್ರಿಭುಜ, ಈಚೆ ಒಂದು ಚಿಕ್ಕ ತ್ರಿಭುಜ. ಎರಡರ ಆಕಾರ ಒಂದೇ. ಇಂಥವನ್ನು ಸಮರೂಪ ತ್ರಿಭುಜಗಳು ಎನ್ನುತ್ತಾರೆ. ಉದಾಹರಣೆಗೆ, ಕಿಂಡಿಯಿಂದ ಗೋಪುರ 100 ಮೀಟರ್ ದೂರ, ಗೋಡೆ 3 ಮೀಟರ್ ದೂರ ಇದೆ ಎಂದುಕೊಳ್ಳಿ. ಗೋಪುರದ ಎತ್ತರ ದೂರದ ಅರ್ಧದಷ್ಟಿದೆ. ಆದ್ದರಿಂದ ಗೋಡೆಯ ಮೇಲಿನ ಬಿಂಬದ ಎತ್ತರವೂ 3 ಮೀಟರಿನ ಅರ್ಧ, ಅಂದರೆ 1.5 ಮೀಟರ್. ಕ್ಯಾಮೆರಾ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಫೋಟೋ ತೆಗೆಯುವವರು ಬಾಯಲ್ಲಿ ಸೈನ್ ಎನ್ನುವುದಿಲ್ಲ. ಆದರೆ ‘ಎಷ್ಟು ದೂರ ನಿಂತರೆ ಇಡೀ ಗೋಪುರ ಚಿತ್ರದಲ್ಲಿ ಬರುತ್ತದೆ’ ಎಂದು ಅಂದಾಜು ಮಾಡುವಾಗ ಅವರ ಮನಸ್ಸಿನಲ್ಲಿ ಓಡುವುದು ಈ ತ್ರಿಭುಜವೇ.

ಡಿ.ಟಿ.ಪಿ. ಅಂಗಡಿಯಲ್ಲಿ

ಈಗ ಹೊಸಪೇಟೆಯ ಒಂದು ಡಿ.ಟಿ.ಪಿ. ಅಂಗಡಿಗೆ ಬನ್ನಿ. ಮದುವೆ ಪತ್ರಿಕೆ, ಜಾತ್ರೆಯ ಬ್ಯಾನರ್, ಅಂಗಡಿಯ ಬೋರ್ಡು ಎಲ್ಲವೂ ಇಲ್ಲಿ ತಯಾರಾಗುತ್ತವೆ. ಡಿಸೈನರ್ ಅಣ್ಣ ‘ಶುಭ ವಿವಾಹ’ ಎಂಬ ಅಕ್ಷರಗಳನ್ನು ಮೌಸಿನಿಂದ ಹಿಡಿದು ತುಸು ಓರೆಯಾಗಿ ತಿರುಗಿಸುತ್ತಾರೆ. ಅವರು ಯಾವ ಲೆಕ್ಕವನ್ನೂ ಮಾಡಲಿಲ್ಲ. ಹಾಗಾದರೆ ಲೆಕ್ಕ ಮಾಡಿದವರು ಯಾರು? ಕಂಪ್ಯೂಟರ್!

ತಿರುಗುವ ಬಿಂದುವಿನಿಂದ ಬಲಕ್ಕೆ 10 ಸೆಂ.ಮೀ. ದೂರದಲ್ಲಿ ಒಂದು ಚುಕ್ಕೆ ಇದೆ ಎಂದುಕೊಳ್ಳಿ. ಅದನ್ನು 30° ಮೇಲಕ್ಕೆ ತಿರುಗಿಸಿದರೆ ಅದು ಎಲ್ಲಿಗೆ ಹೋಗುತ್ತದೆ? ಬಲಕ್ಕೆ 10 × ಕೊಸೈನ್ 30° = 8.66 ಸೆಂ.ಮೀ., ಮೇಲಕ್ಕೆ 10 × ಸೈನ್ 30° = 5 ಸೆಂ.ಮೀ. ಅಕ್ಷರದ ಅಂಚನ್ನು ನಿರ್ಧರಿಸುವ ಒಂದೊಂದು ಬಿಂದುವಿಗೂ ಕಂಪ್ಯೂಟರ್ ಹೀಗೆ ಲೆಕ್ಕ ಹಾಕುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಆ ತಂತ್ರಾಂಶವನ್ನು ಬರೆದವರಿಗೆ ತ್ರಿಕೋನಮಿತಿ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗುತ್ತಿರಲಿಲ್ಲ. ಅದನ್ನು ಬಳಸುವ ಅಣ್ಣನಿಗೆ ಕೋನ, ಅನುಪಾತ, ಅಳತೆ ಇವುಗಳ ಅರಿವು ಇದ್ದರೆ ದಿನದ ಕೆಲಸ ಸಾಗುತ್ತದೆ.

ಆದರೆ ಕೆಲವು ಕೆಲಸಗಳಲ್ಲಿ ಗಣಿತ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ನಮ್ಮ ರಾಷ್ಟ್ರಧ್ವಜದ ಅಶೋಕ ಚಕ್ರವನ್ನೇ ನೋಡಿ. ಅದಕ್ಕೆ 24 ಅರಗಳು. 360°ಯನ್ನು 24ರಿಂದ ಭಾಗಿಸಿದರೆ ಎರಡು ಅರಗಳ ನಡುವೆ 15°. ಶಾಲೆಯ ಗೋಡೆಯ ಮೇಲೆ 1 ಮೀಟರ್ ತ್ರಿಜ್ಯದ ಚಕ್ರವನ್ನು ಬರೆಯಬೇಕಾಗಿದೆ. ಹೇಗೆ? ಒಂದು ದಾರಿ ನಿಮಗೇ ಗೊತ್ತು: ತ್ರಿಜ್ಯದಷ್ಟೇ ಅಳತೆಯ ದಾರದಿಂದ ವೃತ್ತವನ್ನು 6 ಭಾಗ ಮಾಡಿ. ಪ್ರತಿ ಭಾಗವನ್ನೂ ಅರ್ಧಿಸಿದರೆ 12, ಮತ್ತೆ ಅರ್ಧಿಸಿದರೆ 24. ಇದಕ್ಕೆ ರೇಖಾಗಣಿತ ಸಾಕು. ತ್ರಿಕೋನಮಿತಿ ಬಲ್ಲವರು ಮೊದಲೇ ಲೆಕ್ಕ ಹಾಕುತ್ತಾರೆ: 2 × 1 ಮೀಟರ್ × ಸೈನ್ 7.5° = ಸುಮಾರು 26.1 ಸೆಂ.ಮೀ. ವೃತ್ತದ ಅಂಚಿನಲ್ಲಿ 26.1 ಸೆಂ.ಮೀ. ಅಂತರಕ್ಕೆ ಒಂದೊಂದು ಗುರುತು ಹಾಕುತ್ತಾ ಹೋದರೆ ಚಕ್ರ ತಯಾರು. ಎರಡೂ ದಾರಿ ಸರಿಯೇ. ಆದರೆ ಅರಗಳು 24ರ ಬದಲು 25 ಇದ್ದಿದ್ದರೆ? ಅರ್ಧಿಸುವ ಉಪಾಯ ಅಲ್ಲಿ ನಡೆಯುವುದಿಲ್ಲ. ಎರಡನೆಯ ದಾರಿ ಆಗಲೂ ನಡೆಯುತ್ತದೆ.

ವೆಲ್ಡಿಂಗ್ ಶೆಡ್ಡಿನಲ್ಲಿ

ತಗಡಿನ ಶೆಡ್ಡುಗಳ ಇಳಿಜಾರು ಮಾಡನ್ನು ನೀವು ನೋಡಿದ್ದೀರಿ. ಒಂದು ಶೆಡ್ಡಿನ ಅಗಲ 24 ಅಡಿ. ಮಾಡಿನ ನಡುತುದಿ ಗೋಡೆಗಿಂತ 5 ಅಡಿ ಮೇಲಿರಬೇಕು. ಓರೆಯಾಗಿ ಹಾಕುವ ಪೈಪು ಎಷ್ಟು ಉದ್ದ ಬೇಕು? ಅಗಲದ ಅರ್ಧ 12 ಅಡಿ, ಎತ್ತರ 5 ಅಡಿ. 12 × 12 = 144, 5 × 5 = 25, ಒಟ್ಟು 169. ಅದು 13 × 13 ಅಲ್ಲವೆ? ಹಾಗಾಗಿ ಪೈಪಿನ ಉದ್ದ 13 ಅಡಿ. ಗೋಡೆಯಾಚೆ ಚಾಚುವ ಭಾಗ ಬೇಕಿದ್ದರೆ ಅದನ್ನು ಬೇರೆ ಕೂಡಿಸಬೇಕು.

ಅನುಭವಸ್ಥ ಮೇಸ್ತ್ರಿಗಳು ಈ ಲೆಕ್ಕವನ್ನು ಕಾಗದದಲ್ಲಿ ಮಾಡುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ಣ ಗಾತ್ರದ ಚಿತ್ರ ಬರೆದು, ಅದರ ಮೇಲೆಯೇ ಪೈಪು ಇಟ್ಟು ಕತ್ತರಿಸುತ್ತಾರೆ. ಅದೂ ತ್ರಿಕೋನದ ಅಳತೆಯೇ! ಗಾರೆ ಕೆಲಸದವರು ಮನೆಯ ಮೂಲೆ ನೆಟ್ಟಗಿದೆಯೇ ಎಂದು ನೋಡಲು 3, 4, 5 ಅಡಿಗಳ ದಾರ ಹಿಡಿಯುವುದೂ ಇದೇ ವಿದ್ಯೆ. ಶಾಲೆ ಕಲಿಯದವರ ಕೈಯಲ್ಲೂ ಗಣಿತ ಇರುತ್ತದೆ ಎಂಬುದನ್ನು ಮರೆಯಬೇಡಿ. ಆದರೆ ದೊಡ್ಡ ಗೋದಾಮಿನ ಮಾಡಿಗೆ ನೆಲದ ಮೇಲೆ ಚಿತ್ರ ಬರೆಯಲು ಜಾಗ ಸಾಲದು. ಪೈಪು ಕೊಳ್ಳುವ ಮೊದಲೇ ಉದ್ದ ಗೊತ್ತಾಗಬೇಕು. ಅಲ್ಲಿ ಲೆಕ್ಕ ಬಲ್ಲ ಕೆಲಸಗಾರನಿಗೆ ಬೆಲೆ. ಐ.ಟಿ.ಐ.ಗಳಲ್ಲಿ ಫಿಟ್ಟರ್ ಮುಂತಾದ ವೃತ್ತಿ ಕಲಿಯುವವರಿಗೆ ‘ವರ್ಕ್‌ಷಾಪ್ ಲೆಕ್ಕ’ದ ಪಾಠದಲ್ಲಿ ತ್ರಿಕೋನಮಿತಿ ಇರುವುದು ಇದಕ್ಕಾಗಿಯೇ.

ಸಂಡೂರಿನ ಕಸೂತಿ, ಸಂಡೂರಿನ ಗಣಿ

ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರು ತಯಾರಿಸಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಕಸೂತಿಯಲ್ಲಿ ಚೌಕ, ತ್ರಿಭುಜ, ಕನ್ನಡಿಯ ವೃತ್ತ ಎಲ್ಲವೂ ಇವೆ. ಇದಕ್ಕೆ ತ್ರಿಕೋನಮಿತಿ ಬೇಕೆ? ಬೇಡ. ಕಣ್ಣಿನ ಅಳತೆ, ಕೈಯ ಪಳಗು ಅವರಿಗೆ ಸಾಕು. 10 ಸೆಂ.ಮೀ. ಬಾಹುವಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಪಟ್ಟಿ ಹಚ್ಚಲು 14 ಸೆಂ.ಮೀ.ಗಿಂತ ತುಸು ಹೆಚ್ಚು ಬೇಕು ಎಂಬುದು ಅವರಿಗೆ ರೂಢಿಯಿಂದಲೇ ಗೊತ್ತಿರುತ್ತದೆ.

ಅದೇ ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳಲ್ಲಿ ಮಾತು ಬೇರೆ. ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಗೆಯುತ್ತಾರೆ. ಅದಿರು ತುಂಬಿದ ಲಾರಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರಲು ಇಳಿಜಾರು ರಸ್ತೆ ಬೇಕು. ರಸ್ತೆಯ ಏರು 16ಕ್ಕೆ 1ರಂತೆ ಇರಬೇಕು ಎಂದುಕೊಳ್ಳಿ. ಅಂದರೆ 16 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೆ. 10 ಮೀಟರ್ ಎತ್ತರದ ಮೆಟ್ಟಿಲು ಹತ್ತಲು 160 ಮೀಟರ್ ಉದ್ದದ ಜಾಗ ಬೇಕಾಯಿತು. ಈ ಏರಿನ ಕೋನ ಕೇವಲ ಮೂರೂವರೆ ಡಿಗ್ರಿಯಷ್ಟು. ಕಣ್ಣಿಗೆ ಅದು ಸಪಾಟಾಗಿಯೇ ಕಾಣುತ್ತದೆ. ಏರು ಹೆಚ್ಚಾದರೆ ಇಳಿಯುವಾಗ ತುಂಬಿದ ಲಾರಿಯ ಬ್ರೇಕು ತಡೆಯದೆ ಹೋಗಬಹುದು. ಗಣಿಯ ಗೋಡೆ ತೀರಾ ಕಡಿದಾದರೆ ಮಣ್ಣು ಕುಸಿಯಬಹುದು. ಇಲ್ಲಿ ಕೋನದ ಲೆಕ್ಕ ತಪ್ಪಿದರೆ ಅಂಕ ಕಳೆಯುವುದಿಲ್ಲ, ಕೆಳಗೆ ಕೆಲಸ ಮಾಡುವವರ ಜೀವಕ್ಕೇ ಅಪಾಯ.

ಕಂಪ್ಲಿಯ ಹೊಳೆ, ಹೊಸಪೇಟೆಯ ಅಣೆಕಟ್ಟು

ಕಂಪ್ಲಿಯ ಹತ್ತಿರ ತುಂಗಭದ್ರೆ ಅಗಲವಾಗಿ ಹರಿಯುತ್ತಾಳೆ. ನೀರಿಗೆ ಇಳಿಯದೆ, ಹರಿಗೋಲು ಹತ್ತದೆ ಹೊಳೆಯ ಅಗಲವನ್ನು ಹೇಗೆ ಅಳೆಯುವುದು? ಆಚೆ ದಂಡೆಯ ಒಂದು ಮರವನ್ನು ಆರಿಸಿ ಅದರ ನೇರ ಎದುರಿಗೆ ಗೂಟ ನೆಡಬೇಕು. ಅಲ್ಲಿಂದ ದಂಡೆಯ ಗುಂಟ ನೇರವಾಗಿ ನಡೆಯುತ್ತಾ ಹೋಗಬೇಕು. ಮರ ಮತ್ತು ಗೂಟದ ನಡುವಿನ ಕೋನ 45° ಆದ ಕಡೆ ನಿಲ್ಲಬೇಕು. ಗೂಟದಿಂದ ನಡೆದ ದೂರ ಎಷ್ಟೋ, ಗೂಟದಿಂದ ಮರಕ್ಕಿರುವ ದೂರವೂ ಅಷ್ಟೇ. ಸೇತುವೆ ಕಟ್ಟುವವರ ಮೊದಲ ಕೆಲಸಗಳಲ್ಲಿ ಇಂಥ ಅಳತೆಯೂ ಒಂದು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಒಂದು ರೇಖೆಯನ್ನು ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಭುಜಗಳನ್ನು ಒಂದಕ್ಕೊಂದು ಹೆಣೆಯುತ್ತಾ ಹೋದರು. ‘ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ’ ಎಂಬ ಆ ಕೆಲಸ ದಶಕಗಳ ಕಾಲ ನಡೆದು ಹಿಮಾಲಯವನ್ನು ಮುಟ್ಟಿತು. ಎವರೆಸ್ಟ್ ಶಿಖರದ ಎತ್ತರ ಗೊತ್ತಾದದ್ದು ಅದರಿಂದಲೇ, ಯಾರೂ ಶಿಖರ ಹತ್ತುವುದಕ್ಕೆ ಸುಮಾರು ನೂರು ವರ್ಷ ಮೊದಲು!

ಇನ್ನು ತುಂಗಭದ್ರಾ ಅಣೆಕಟ್ಟು. ಅದಕ್ಕೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ರೈತರ ಬೆಳೆಗೆ ಬೇಕಾದ ನೀರು ಹೊಳೆಗೆ ಹರಿದುಹೋಗುತ್ತಿತ್ತು. ಸುಮಾರು ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಕ್ರೇನ್‌ಗಳ ಸಹಾಯದಿಂದ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಕಿಂಡಿಯನ್ನು ಮುಚ್ಚಿದರು.

ಕ್ರೇನಿನ ತೋಳನ್ನು ಗಮನಿಸಿ. ಅದು 30 ಮೀಟರ್ ಉದ್ದ ಇದ್ದು 60° ಕೋನದಲ್ಲಿ ನಿಂತಿದ್ದರೆ, ಬುಡದಿಂದ ಅದು 15 ಮೀಟರ್ ಮುಂದಕ್ಕೆ, ಸುಮಾರು 26 ಮೀಟರ್ ಮೇಲಕ್ಕೆ ಚಾಚಿರುತ್ತದೆ. ಕೋನವನ್ನು 30°ಗೆ ಇಳಿಸಿದರೆ ಮುಂದಕ್ಕೆ 26 ಮೀಟರ್, ಮೇಲಕ್ಕೆ 15 ಮೀಟರ್. ಹೆಚ್ಚು ದೂರ ಚಾಚಿದಷ್ಟೂ ಕ್ರೇನ್ ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ, ಮಿತಿ ಮೀರಿದರೆ ಕ್ರೇನೇ ಮಗುಚಬಹುದು. ಕ್ರೇನ್ ನಡೆಸುವವರ ಬಳಿ ಸಿದ್ಧ ಪಟ್ಟಿ ಇರುತ್ತದೆ. ಯಾವ ಕೋನಕ್ಕೆ ಎಷ್ಟು ಭಾರ ಎಂದು ಅವರು ಪಟ್ಟಿ ನೋಡಿ ತಿಳಿಯುತ್ತಾರೆ. ಆ ಪಟ್ಟಿಯನ್ನು ತಯಾರಿಸಿದ ಎಂಜಿನಿಯರ್ ಲೆಕ್ಕ ಮಾಡಿರುತ್ತಾರೆ.

ಹಾಗಾದರೆ ಉತ್ತರವೇನು?

ನಾವು ನೋಡಿದ ಕೆಲಸಗಾರರನ್ನು ಮೂರು ಗುಂಪು ಮಾಡಬಹುದು.

1. ತ್ರಿಕೋನಮಿತಿಯ ಲೆಕ್ಕವನ್ನೇ ಮಾಡುವವರು: ಸೇತುವೆ ಹಾಗೂ ಗಣಿಯ ಎಂಜಿನಿಯರ್, ಸರ್ವೇಕ್ಷಕರು, ತಂತ್ರಾಂಶ ಬರೆಯುವವರು.

2. ಬೇರೆಯವರು ಮಾಡಿಟ್ಟ ಲೆಕ್ಕವನ್ನು ಬಳಸುವವರು: ಡಿಸೈನರ್, ಕ್ರೇನ್ ಚಾಲಕ, ಛಾಯಾಗ್ರಾಹಕ.

3. ರೂಢಿಯಿಂದ, ಕೈಯಳತೆಯಿಂದ ನಡೆಸುವವರು: ಕಸೂತಿ ಹಾಕುವವರು, ಗಾರೆ ಮೇಸ್ತ್ರಿ, ವೆಲ್ಡರ್.

ಮೂರೂ ಗುಂಪಿನವರು ಕುಶಲರೇ. ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಡಿಸೈನರ್ ಅಣ್ಣ ತ್ರಿಕೋನಮಿತಿ ಬಾರದೆಯೂ ಒಳ್ಳೆಯ ಡಿಸೈನರ್ ಆಗಬಲ್ಲರು ಎಂಬುದು ನಿಜವಾದ ಉತ್ತರ. ಆದರೆ ಒಂದು ವ್ಯತ್ಯಾಸವಿದೆ. ಲೆಕ್ಕ ತಿಳಿದವರು ಮೂರು ಗುಂಪುಗಳಲ್ಲಿ ಯಾವುದಕ್ಕೆ ಬೇಕಾದರೂ ಹೋಗಬಲ್ಲರು. ಲೆಕ್ಕ ಬಿಟ್ಟವರಿಗೆ ಮೊದಲನೆಯ ಗುಂಪಿನ ಬಾಗಿಲು ಮುಚ್ಚಿಹೋಗುತ್ತದೆ. ನೀವು ಮುಂದೆ ಏನಾಗುತ್ತೀರಿ ಎಂದು 7ನೇ ತರಗತಿಯಲ್ಲಿ ಯಾರಿಗೂ ಹೇಳಲಾಗದು. ಕಸೂತಿ ಹಾಕುವವರ ಮಗಳು ಗಣಿಯ ಎಂಜಿನಿಯರ್ ಆಗಬಹುದು. ವೆಲ್ಡರ್ ಮಗ ತಂತ್ರಾಂಶ ಬರೆಯಬಹುದು. ಎಂಜಿನಿಯರ್ ಮಗಳು ಡಿಸೈನರ್ ಆಗಬಹುದು. ಬಾಗಿಲನ್ನು ಈಗಲೇ ನಾವೇ ಮುಚ್ಚಿಕೊಳ್ಳುವುದು ಬೇಡ.

ಮಾಡಿ ನೋಡಿ: ನಿಮ್ಮದೇ ಪಟ್ಟಿ, ನಿಮ್ಮದೇ ಉಪಕರಣ

ಬೇಕಾಗುವ ವಸ್ತುಗಳು: ಕೋನಮಾಪಕ, ಅಳತೆಪಟ್ಟಿ, ದಾರ, ಸಣ್ಣ ಕಲ್ಲು, ಅಂಟುಪಟ್ಟಿ, ಕೊಳವೆಯಾಕಾರದ ಖಾಲಿ ಪೆನ್ನು.

ಹಂತ 1: ಕಾಗದದ ಮೇಲೆ 10 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಒಂದು ತುದಿಯಲ್ಲಿ ಲಂಬವಾಗಿ ಗೆರೆ ಎಳೆಯಿರಿ. ಇನ್ನೊಂದು ತುದಿಯಲ್ಲಿ 30° ಕೋನ ಬರೆದು ಓರೆಗೆರೆ ಎಳೆಯಿರಿ. ಅದು ಲಂಬಗೆರೆಯನ್ನು ಎಷ್ಟು ಎತ್ತರದಲ್ಲಿ ಮುಟ್ಟಿತು? ಸುಮಾರು 5.8 ಸೆಂ.ಮೀ. ಬರಬೇಕು. 10ರಿಂದ ಭಾಗಿಸಿ: 0.58. ಇದೇ 30°ಯ ಟ್ಯಾನ್ಜೆಂಟ್. ಹೀಗೆಯೇ 20°, 40°, 45°, 50° ಮಾಡಿ ಪಟ್ಟಿ ತಯಾರಿಸಿ.

ಹಂತ 2: ಪೆನ್ನಿನ ಕೊಳವೆಯನ್ನು ಕೋನಮಾಪಕದ ನೇರ ಅಂಚಿಗೆ ಅಂಟಿಸಿ. ಕೋನಮಾಪಕದ ಕೇಂದ್ರಬಿಂದುವಿಗೆ ದಾರ ಕಟ್ಟಿ, ತುದಿಗೆ ಕಲ್ಲು ತೂಗುಬಿಡಿ. ಕೊಳವೆಯ ಮೂಲಕ ಧ್ವಜಕಂಬದ ತುದಿಯನ್ನು ನೋಡಿ. ದಾರ ಯಾವ ಕೋನದ ಮೇಲೆ ನಿಂತಿದೆ ಎಂದು ಗೆಳೆಯರು ಓದಲಿ. ಆ ಸಂಖ್ಯೆಗೂ 90ಕ್ಕೂ ಇರುವ ವ್ಯತ್ಯಾಸವೇ ಉನ್ನತ ಕೋನ.

ಹಂತ 3: ಕಂಬದಿಂದ ನಿಮಗಿರುವ ದೂರವನ್ನು ಪಟ್ಟಿಯಲ್ಲಿರುವ ಸಂಖ್ಯೆಯಿಂದ ಗುಣಿಸಿ. ನಿಮ್ಮ ಕಣ್ಣಿನ ಎತ್ತರವನ್ನು ಕೂಡಿಸಿ. ಕಂಬದ ಎತ್ತರ ಸಿಕ್ಕಿತು!

ಎಚ್ಚರಿಕೆ: ಕೊಳವೆಯ ಮೂಲಕ ಸೂರ್ಯನನ್ನು ಎಂದೂ ನೋಡಬೇಡಿ. ಹೊಳೆಯ ಅಗಲ ಅಳೆಯುವ ಪ್ರಯೋಗವನ್ನು ಶಾಲೆಯ ಮೈದಾನದಲ್ಲೇ ಮಾಡಿ. ಹೊಳೆ, ಕಾಲುವೆಗಳ ದಂಡೆಗೆ ಹೋಗಬೇಡಿ.

ಉತ್ತರಿಸಿ

1. 2022ರ ಆಗಸ್ಟ್‌ನಲ್ಲಿ ಹೊಸಪೇಟೆಯ ಕ್ರೀಡಾಂಗಣದಲ್ಲಿ 405 ಅಡಿ ಎತ್ತರದ ಧ್ವಜಸ್ತಂಭವನ್ನು ನಿಲ್ಲಿಸಲಾಯಿತು. ಅದರ ತುದಿ ನೆಲದಿಂದ 405 ಅಡಿ ಮೇಲಿದೆ ಎಂದುಕೊಳ್ಳಿ. ನಿಮ್ಮ ಕಣ್ಣಿನ ಎತ್ತರ 4 ಅಡಿ. ಉನ್ನತ ಕೋನ 45° ಬರಬೇಕಾದರೆ ಎಷ್ಟು ದೂರ ನಿಲ್ಲಬೇಕು?

2. 1 ಮೀಟರ್ ಕೋಲಿನ ನೆರಳು 2 ಮೀಟರ್ ಇದೆ. ಅದೇ ಹೊತ್ತಿನಲ್ಲಿ ತೆಂಗಿನ ಮರದ ನೆರಳು 24 ಮೀಟರ್. ಮರದ ಎತ್ತರ ಎಷ್ಟು?

3. ನಿಮ್ಮ ಮನೆಯವರು ಅಥವಾ ನೆರೆಯವರು ಮಾಡುವ ಒಂದು ಕೆಲಸವನ್ನು ಗಮನಿಸಿ. ಅಲ್ಲಿ ತ್ರಿಭುಜ ಎಲ್ಲಿದೆ? ಅವರು ಮೇಲಿನ ಯಾವ ಗುಂಪಿಗೆ ಸೇರುತ್ತಾರೆ? ಅವರನ್ನೇ ಕೇಳಿ ಬರೆದು, ತರಗತಿಯಲ್ಲಿ ಓದಿ ಹೇಳಿ.

(ಉತ್ತರಗಳು: 1. 401 ಅಡಿ. 2. 12 ಮೀಟರ್. 3. ಇದರ ಉತ್ತರ ನಿಮ್ಮ ಊರಿನಲ್ಲೇ ಇದೆ, ಹುಡುಕಿ!)